ರಂಗ್ರೂಟ್, ರೂಕಿ, ಬಾಂಬ್ ಸ್ಕ್ವಾಡ್: ಸೇನೆಗೂ ಮೈದಾನಕ್ಕೂ ಸೇರಿದ ಮಾತುಗಳು

ಪ್ರಶ್ನೆ: ಪತ್ರಿಕೆಯ ಕ್ರೀಡಾ ವಿಭಾಗಕ್ಕೆ ಹೊಸದಾಗಿ ಸೇರಿದ್ದೇನೆ. ಸುದ್ದಿಸಂಸ್ಥೆಗಳ ಇಂಗ್ಲಿಷ್ ವರದಿಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ರೂಕಿ, ಬ್ಲಿಟ್ಜ್, ಬಾಂಬ್ ಸ್ಕ್ವಾಡ್, ಡೈಸಿ ಕಟರ್, ಹೇಲ್ ಮೇರಿ, ಸ್ನೈಪರ್ ಮುಂತಾದ ಮಾತುಗಳು ಬಂದಾಗ ಕೈ ನಿಂತುಬಿಡುತ್ತದೆ. ಇವೆಲ್ಲ ಸೇನೆಯಿಂದ ಆಟಕ್ಕೆ ಬಂದವೇ? ಕನ್ನಡದಲ್ಲಿ ಹೇಗೆ ಬರೆಯಬೇಕು? ನಾವೇ ದಿನವೂ ಬಳಸುವ ದಾಳಿ, ಪಡೆ, ಲಗ್ಗೆ, ಸಮರಗಳಿಗೆ ಮಿತಿ ಎಲ್ಲಿ?

ಉತ್ತರ: ಎಲ್ಲವೂ ಸೇನೆಯಿಂದ ಬಂದವಲ್ಲ. ಕೆಲವು ಆಟದಿಂದ ಸೇನೆಗೆ ಹೋದವು, ಕೆಲವು ಹೋಗಿ ಮತ್ತೆ ಆಟಕ್ಕೇ ಮರಳಿದವು. ಇನ್ನು ಕೆಲವು ಎರಡೂ ಕಡೆ ಒಂದೇ ರೂಪದಲ್ಲಿದ್ದರೂ ಒಂದಕ್ಕೊಂದು ನಂಟಿಲ್ಲ. ನಿಮ್ಮ ಕೆಲಸದ ಮಟ್ಟಿಗೆ ಮಾತಿನ ಹುಟ್ಟೂರು ತಿಳಿದರಷ್ಟೇ ಸಾಲದು. ಮಾತೊಂದು ಈ ಕಡೆಯಿಂದ ಆ ಕಡೆಗೆ ದಾಟುವಾಗ ತನ್ನ ಅರ್ಥವನ್ನೆಲ್ಲ ಹೊತ್ತು ಹೋಗುವುದಿಲ್ಲ. ಸಾಮಾನ್ಯವಾಗಿ ಒಂದು ಗುಣವನ್ನಷ್ಟೇ ಒಯ್ಯುತ್ತದೆ. ಆ ಗುಣ ಯಾವುದೆಂದು ಗೊತ್ತಾದರೆ ವಾಕ್ಯ ಸಲೀಸಾಗಿ ಬರುತ್ತದೆ. ಗೊತ್ತಾಗದೆ ನಿಘಂಟು ನೋಡಿ ಬರೆದರೆ ಅರ್ಥ ತಲೆಕೆಳಗಾಗುತ್ತದೆ.

ತಲೆಕೆಳಗಾಗುವುದು ಹೇಗೆಂದು ತಿಳಿಯಲು ಬಾಂಬ್ ಸ್ಕ್ವಾಡ್ ನೋಡಿ. ಪೊಲೀಸರಲ್ಲಿ, ಸೇನೆಯಲ್ಲಿ ಅದು ಬಾಂಬ್ ನಿಷ್ಕ್ರಿಯ ದಳ. ಸ್ಫೋಟ ಆಗದಂತೆ ನೋಡಿಕೊಳ್ಳುವುದೇ ಅದರ ಕೆಲಸ. ದಕ್ಷಿಣ ಆಫ್ರಿಕಾದ ರಗ್ಬಿ ತಂಡದಲ್ಲಿ ಅದೇ ಹೆಸರು 2019ರ ವಿಶ್ವಕಪ್ ಹೊತ್ತಿಗೆ ಬೆಂಚಿನಲ್ಲಿ ಕಾದಿರುವ ಬದಲಿ ಫಾರ್ವರ್ಡ್‌ಗಳಿಗೆ (ಮುಂದೆ ನಿಂತು ತಳ್ಳಾಡುವ ದಪ್ಪ ಮೈಕಟ್ಟಿನ ಆಟಗಾರರಿಗೆ) ಅಂಟಿತು. ಅವರ ಕೆಲಸ ಸ್ಫೋಟಿಸುವುದು! ರಗ್ಬಿ ಯೂನಿಯನ್‌ನಲ್ಲಿ ಮೈದಾನದಲ್ಲಿ 15 ಮಂದಿ, ಬೆಂಚಿನಲ್ಲಿ 8 ಮಂದಿ. ಈ ಎಂಟರಲ್ಲಿ 5 ಫಾರ್ವರ್ಡ್, 3 ಬ್ಯಾಕ್ (ಹಿಂದೆ ನಿಂತು ಚೆಂಡು ಹಿಡಿದು ಓಡುವವರು) ಇರುವುದು ರೂಢಿ. ಕೋಚ್ ರಾಸಿ ಎರಾಸ್ಮಸ್ ಅದನ್ನು 6–2 ಮಾಡಿದರು. ಎದುರಾಳಿಯ ಫಾರ್ವರ್ಡ್‌ಗಳು ದಣಿಯುವ ದ್ವಿತೀಯಾರ್ಧದಲ್ಲಿ ತಾಜಾ, ಭಾರಿ ಮೈಕಟ್ಟಿನವರು ಒಟ್ಟಾಗಿ ಒಳಗೆ ಬರುತ್ತಿದ್ದರು. ಆ ವರ್ಷದ ಫೈನಲ್‌ನಲ್ಲಿ ಇಂಗ್ಲೆಂಡ್ 32–12ರಿಂದ ಸೋತಿತು. 2023ರ ಫೈನಲ್‌ಗೆ ಅದು 7–1 ಆಗಿ, ನ್ಯೂಜಿಲೆಂಡ್ ವಿರುದ್ಧ 12–11ರ ಗೆಲುವು ಬಂತು. ಇಲ್ಲಿ 'ಬಾಂಬ್ ನಿಷ್ಕ್ರಿಯ ದಳ ಕಣಕ್ಕಿಳಿಯಿತು' ಎಂದು ಬರೆದರೆ ಓದುಗರು ಕ್ರೀಡಾಂಗಣದಲ್ಲಿ ಬಾಂಬ್ ಬೆದರಿಕೆ ಎಂದುಕೊಳ್ಳುತ್ತಾರೆ. ಮೊದಲ ಸಲ ''ಬಾಂಬ್ ಸ್ಕ್ವಾಡ್' ಎಂದು ಹೆಸರಾದ ಬದಲಿ ಫಾರ್ವರ್ಡ್‌ಗಳು' ಎಂದು ಬರೆಯಿರಿ. ಆಮೇಲೆ 'ಮೀಸಲು ಪಡೆ' ಸಾಕು. ದಣಿಯದ ತುಕಡಿಯನ್ನು ಹಿಂದೆ ಇಟ್ಟುಕೊಂಡು ನಿರ್ಣಾಯಕ ಹೊತ್ತಿನಲ್ಲಿ ಮುಂದೆ ಬಿಡುವುದೇ ಸೇನೆಯಲ್ಲೂ ಮೀಸಲು ಪಡೆಯ ಕೆಲಸ. ಹಾಗಾಗಿ ಕನ್ನಡದ ಈ ಮಾತು ಇಂಗ್ಲಿಷಿನದಕ್ಕಿಂತ ಚೆನ್ನಾಗಿ ಹೊಂದುತ್ತದೆ.

ಇದೇ ಜಾತಿಯ ಇನ್ನೊಂದು ಎಡವಟ್ಟು ಗನ್ನರ್. ಆರ್ಸೆನಲ್ ಫುಟ್‌ಬಾಲ್ ಕ್ಲಬ್ಬನ್ನು 'ಗನ್ನರ್ಸ್' ಎನ್ನುತ್ತಾರೆ, ಅದನ್ನು 'ಬಂದೂಕುಧಾರಿಗಳು' ಎಂದು ಬರೆಯಬಾರದು. 1886ರಲ್ಲಿ ಆ ಕ್ಲಬ್ ಕಟ್ಟಿದವರು ವೂಲಿಚ್‌ನ ರಾಯಲ್ ಆರ್ಸೆನಲ್ ಎಂಬ ಶಸ್ತ್ರಾಸ್ತ್ರ ಕಾರ್ಖಾನೆಯ ಕೆಲಸಗಾರರು. ಕ್ಲಬ್ಬಿನ ಲಾಂಛನದಲ್ಲಿರುವುದು ಫಿರಂಗಿ. ನಮ್ಮ ಸೇನೆಯ ಫಿರಂಗಿ ದಳದಲ್ಲಿ ಸಿಪಾಯಿಗೆ ಸಮನಾದ ದರ್ಜೆಯ ಹೆಸರೂ ಗನ್ನರ್ ಎಂದೇ ಇದೆ. ಇಟಲಿಯ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಸಿಗುವ 'ಕಾಪೊಕನ್ನೊನಿಯೆರೆ' ಬಿರುದಿನ ಅರ್ಥ ಫಿರಂಗಿಯವರ ಮುಖ್ಯಸ್ಥ. ಬ್ರೆಜಿಲ್‌ನಲ್ಲಿ ಗೋಲುಗಾರನಿಗೆ 'ಆರ್ಚಿಲೆಯ್ರೊ' ಎಂಬ ಹೆಸರಿದೆ, ಅದೂ ಫಿರಂಗಿ ಸೈನಿಕ ಎಂದೇ. ದೂರದಿಂದ ಗುರಿಯಿಟ್ಟು ಹೊಡೆಯುವುದು ಇಲ್ಲಿ ದಾಟಿ ಬಂದ ಗುಣ. ಅಮೆರಿಕನ್ ಫುಟ್‌ಬಾಲ್‌ನ ಗನ್ನರ್ ಮಾತ್ರ ಬೇರೆ: ಪಂಟ್ (ಚೆಂಡನ್ನು ಎದುರಾಳಿಗೆ ಬಿಟ್ಟುಕೊಡುತ್ತ ದೂರ ಒದೆಯುವುದು) ಒದ್ದಾಗ ಎರಡು ಅಂಚುಗಳಿಂದ ಚಿಮ್ಮಿ ಓಡಿ, ಚೆಂಡು ಹಿಡಿದವನನ್ನು ಕೆಡವುವವನು. ಅಲ್ಲಿ ಹೊಡೆತವೂ ಇಲ್ಲ, ಗುರಿಯೂ ಇಲ್ಲ, ವೇಗವೊಂದೇ ಇದೆ.

ಇನ್ನು ರೂಕಿ. ಇದು 'ರಿಕ್ರೂಟ್' ಎಂಬುದು ಸೈನಿಕರ ಬಾಯಲ್ಲಿ ಸವೆದು ಆದ ರೂಪವೆಂದೇ ಸಾಮಾನ್ಯವಾಗಿ ತಿಳಿಯುತ್ತಾರೆ. 1890ರ ದಶಕದಲ್ಲಿ ಬ್ರಿಟಿಷ್ ಬ್ಯಾರಕ್‌ಗಳಲ್ಲಿ ಚಾಲ್ತಿಯಲ್ಲಿತ್ತು. ಅದೇ 'ರಿಕ್ರೂಟ್' ಹಿಂದೂಸ್ತಾನಿ ಸಿಪಾಯಿಗಳ ಬಾಯಲ್ಲಿ 'ರಂಗ್ರೂಟ್' ಆಯಿತು. ಕರ್ನಾಟಕದಿಂದ ಸೇನೆಗೆ ಸೇರಿದವರಿಗೂ ಅದು ಪರಿಚಿತ ಮಾತು. ಒಂದೇ ತಾಯಿಯ ಎರಡು ಮಕ್ಕಳಲ್ಲಿ ಆಟದ ಮೈದಾನಕ್ಕೆ ಬಂದದ್ದು ರೂಕಿ ಮಾತ್ರ, ಅದೂ ಅಮೆರಿಕದ ದಾರಿಯಲ್ಲಿ. ಅಲ್ಲಿಗೆ ಬಂದ ಮೇಲೆ ಅದರ ಅರ್ಥ ಕರಾರುವಾಕ್ಕಾಯಿತು: ಆ ಲೀಗ್‌ನಲ್ಲಿ ಮೊದಲ ಋತು ಆಡುತ್ತಿರುವವನು. ಅನುಭವ ಇದೆಯೋ ಇಲ್ಲವೋ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಲೂಕಾ ಡಾನ್ಚಿಚ್ 2018ರಲ್ಲಿ ಯುರೋಪಿನ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಯುರೋಲೀಗ್‌ನ ಅತ್ಯುತ್ತಮ ಆಟಗಾರನಾಗಿ ಅಮೆರಿಕದ ಎನ್‌ಬಿಎಗೆ ಬಂದರೂ 2018–19ರಲ್ಲಿ ಗೆದ್ದದ್ದು ವರ್ಷದ ರೂಕಿ ಪ್ರಶಸ್ತಿ. ಅವರನ್ನು 'ಅನನುಭವಿ' ಎಂದು ಬರೆದಿದ್ದರೆ ಸುಳ್ಳಾಗುತ್ತಿತ್ತು. 'ಮೊದಲ ಋತುವಿನ ಆಟಗಾರ' ಎನ್ನಿ. 'ಚೊಚ್ಚಲ' ಎಂಬುದನ್ನು ಮೊದಲ ಪಂದ್ಯಕ್ಕೆ ಮೀಸಲಿಡಿ, ಇಲ್ಲದಿದ್ದರೆ ಎರಡೂ ಕಲಸಿಹೋಗುತ್ತವೆ. ಇದರ ಎದುರು ಜೋಡಿಯಾದ ವೆಟರನ್ ಕೂಡ ಹೀಗೆಯೇ ಕೈಕೊಡುತ್ತದೆ. ಮೈದಾನದಲ್ಲಿ ವೆಟರನ್ ಎಂದರೆ ಬಹುಕಾಲ ಆಡಿದ ಹಿರಿಯ. ಅಮೆರಿಕದ ಸೇನೆಯಲ್ಲಿ ಸೇವೆ ಮುಗಿಸಿ ಹೊರಬಂದ ಯಾರೂ ವೆಟರನ್, ವಯಸ್ಸು 24 ಇದ್ದರೂ. ಅವರು 'ಹಿರಿಯ ಯೋಧ' ಅಲ್ಲ, 'ಮಾಜಿ ಸೈನಿಕ'.

ಬ್ಲಿಟ್ಜ್‌ನಲ್ಲಿ ಒಂದೇ ಮಾತಿನಿಂದ ಎರಡು ಆಟಗಳು ಎರಡು ಬೇರೆ ಗುಣಗಳನ್ನು ಎತ್ತಿಕೊಂಡಿವೆ. ಜರ್ಮನ್ 'ಬ್ಲಿಟ್ಜ್‌ಕ್ರೀಗ್' ಎಂದರೆ ಮಿಂಚಿನ ಯುದ್ಧ. 1940ರ ಸೆಪ್ಟೆಂಬರ್‌ನಿಂದ 1941ರ ಮೇವರೆಗೆ ಲಂಡನ್ ಮತ್ತಿತರ ನಗರಗಳ ಮೇಲೆ ನಡೆದ ಬಾಂಬ್ ದಾಳಿಗೆ ಬ್ರಿಟನ್ನಿನ ಜನ 'ಬ್ಲಿಟ್ಜ್' ಎಂದರು. ಚೆಸ್ ಮಿಂಚಿನ ವೇಗವನ್ನಷ್ಟೇ ತೆಗೆದುಕೊಂಡಿತು: ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮದಂತೆ ಒಬ್ಬೊಬ್ಬರಿಗೆ 10 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಸಮಯವಿದ್ದರೆ ಅದು ಬ್ಲಿಟ್ಜ್. ವಿಶ್ವ ಬ್ಲಿಟ್ಜ್ ಚಾಂಪಿಯನ್‌ಷಿಪ್‌ನಲ್ಲಿ 3 ನಿಮಿಷ, ಜೊತೆಗೆ ನಡೆಗೆ 2 ಸೆಕೆಂಡ್. ಅಮೆರಿಕನ್ ಫುಟ್‌ಬಾಲ್ ಏಕಾಏಕಿ ಮುಗಿಬೀಳುವುದನ್ನು ತೆಗೆದುಕೊಂಡಿತು. ಅಲ್ಲಿ ರಕ್ಷಣೆಯ ತಂಡ ಸಾಮಾನ್ಯವಾಗಿ ನಾಲ್ವರನ್ನು ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಮೇಲೆ ಬಿಡುತ್ತದೆ. ಐದು ಅಥವಾ ಹೆಚ್ಚು ಮಂದಿ ನುಗ್ಗಿದರೆ ಬ್ಲಿಟ್ಜ್. ಹೆಚ್ಚುವರಿಯಾಗಿ ನುಗ್ಗಿದವನು ಕಾಯಬೇಕಿದ್ದ ಜಾಗ ಖಾಲಿ ಬೀಳುತ್ತದೆ, ಚುರುಕಾದ ಕ್ವಾರ್ಟರ್‌ಬ್ಯಾಕ್ ತಕ್ಷಣ ಅಲ್ಲಿಗೇ ಚೆಂಡು ಎಸೆಯುತ್ತಾನೆ. ಲಾಭ, ಅಪಾಯ ಎರಡೂ ಆ ಮಾತಿನೊಳಗೇ ಇವೆ. ಆದ್ದರಿಂದ 'ಬಿರುಸಿನ ದಾಳಿ' ಎಂದು ತೇಲಿಸಬೇಡಿ. 'ಹಿಂದೆ ಕಾಯುವವರನ್ನೂ ಮುಂದೆ ನುಗ್ಗಿಸಿದರು' ಎಂದರೆ ಆಟ ಗೊತ್ತಿಲ್ಲದವರಿಗೂ ಏನಾಯಿತೆಂದು ಕಾಣುತ್ತದೆ. ಚೆಸ್‌ಗೆ 'ಬ್ಲಿಟ್ಜ್' ಎಂದೇ ಬಿಡಿ. ಅದು ಸ್ಪರ್ಧೆಯ ಹೆಸರು, ರ್‍ಯಾಪಿಡ್ ಎಂಬ ಇನ್ನೊಂದು ವೇಗದ ಚೆಸ್ ಮಾದರಿಯ ಪಕ್ಕದಲ್ಲಿ ಅದನ್ನು ಕನ್ನಡಿಸಿದರೆ ಗೊಂದಲ.

ಅಮೆರಿಕನ್ ಫುಟ್‌ಬಾಲ್‌ನ 'ಸ್ಕ್ರಿಮೇಜ್' (ಚೆಂಡಿನ ಎರಡೂ ಕಡೆ ತಂಡಗಳು ಎದುರುಬದುರು ನಿಲ್ಲುವುದು), ರಗ್ಬಿಯ 'ಸ್ಕ್ರಮ್' (ಫಾರ್ವರ್ಡ್‌ಗಳು ಬಾಗಿ ತಳ್ಳಾಡುವುದು) ಎರಡೂ ಸೇನೆಗಳ ಸಣ್ಣ ಚಕಮಕಿಗೆ ಹೇಳುವ 'ಸ್ಕರ್ಮಿಶ್' ಎಂಬುದರ ಕವಲುಗಳು. ಅವು ಈಗ ನಿಯಮಪುಸ್ತಕದ ಪದಗಳಾಗಿರುವುದರಿಂದ ಹಾಗೇ ಬರೆಯಿರಿ.

ಈಗ ಹಿಮ್ಮುಖ ಸಂಚಾರ. 1942ರ ಅಕ್ಟೋಬರ್ 23ರಂದು, ಎಲ್ ಅಲಮೇನ್ ಕಾಳಗದ ಮುಂಚೆ, ಬ್ರಿಟಿಷ್ 8ನೇ ಸೇನೆಯ ದಂಡನಾಯಕ ಮಾಂಟ್ಗೊಮರಿ ತನ್ನ ಸೈನಿಕರಿಗೆ ಕಳುಹಿಸಿದ ಸಂದೇಶದಲ್ಲಿ ಶತ್ರುವನ್ನು ಉತ್ತರ ಆಫ್ರಿಕಾದಿಂದಲೇ ಆಚೆಗೆ ಸಿಕ್ಸರ್ ಎತ್ತುತ್ತೇವೆ ಎಂಬರ್ಥದ ಮಾತಿತ್ತು. ಬರೀ ಸೋಲಿಸುವುದಲ್ಲ, ನೆಲ ಮುಟ್ಟದಂತೆ ಗೆರೆಯಾಚೆ ಕಳುಹಿಸುವುದು ಎಂಬುದನ್ನು ಕ್ರಿಕೆಟ್ ಗೊತ್ತಿದ್ದ ಪಡೆಗೆ ಒಂದೇ ಪದದಲ್ಲಿ ಹೇಳಿದ ರೀತಿ ಅದು. 1972ರಲ್ಲಿ ಉತ್ತರ ವಿಯೆಟ್ನಾಂ ಮೇಲೆ ಅಮೆರಿಕ ನಡೆಸಿದ ಬಾಂಬ್ ದಾಳಿಗಳ ಹೆಸರು 'ಲೈನ್‌ಬ್ಯಾಕರ್'. ಡಿಸೆಂಬರ್ 18ರಿಂದ 29ರವರೆಗೆ ಬಿ-52 ವಿಮಾನಗಳ ಎರಡನೇ ಸರಣಿ ನಡೆಯಿತು. ಅಧ್ಯಕ್ಷ ನಿಕ್ಸನ್ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಅಭಿಮಾನಿ. ಆ ಆಟದಲ್ಲಿ ಲೈನ್‌ಬ್ಯಾಕರ್ ಎಂದರೆ ಮುಂಚೂಣಿಯ ಹಿಂದೆ ನಿಂತು, ಗೆರೆ ದಾಟಿ ಬಂದವನನ್ನು ತಡೆದು ಕೆಡವುವ ರಕ್ಷಕ. ಕಾರ್ಯಾಚರಣೆಯ ಹೆಸರನ್ನು ಯಾವತ್ತೂ ಅನುವಾದಿಸಬೇಡಿ.

ಹೇಲ್ ಮೇರಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ದಾಟುವಾಗ ಗುಣ ಬದಲಾಗುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಮಾತಿಲ್ಲ. 'ಹೇಲ್ ಮೇರಿ' ಕ್ಯಾಥೊಲಿಕ್ ಕ್ರೈಸ್ತರ ಪ್ರಾರ್ಥನೆ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಈ ಮಾತು ಮೊದಲೇ ಇತ್ತು. ಮನೆಮಾತಾದದ್ದು 1975ರ ಡಿಸೆಂಬರ್ 28ರಂದು. ಡಲ್ಲಾಸ್ ಕೌಬಾಯ್ಸ್ ತಂಡದ ರೋಜರ್ ಸ್ಟೌಬಾಕ್ ಕೊನೆಯ ನಿಮಿಷದಲ್ಲಿ 50 ಗಜ ದೂರದ ಎಸೆತವನ್ನು ಡ್ರೂ ಪಿಯರ್ಸನ್‌ಗೆ ತಲುಪಿಸಿ ಮಿನ್ನೆಸೋಟ ವೈಕಿಂಗ್ಸ್ ವಿರುದ್ಧ 17–14ರಿಂದ ಗೆಲ್ಲಿಸಿದರು. ಕಣ್ಣುಮುಚ್ಚಿ ಹೇಲ್ ಮೇರಿ ಹೇಳಿಕೊಂಡೆ ಎಂದರು. ಸ್ಟೌಬಾಕ್ ನೌಕಾಪಡೆಯ ಅಕಾಡೆಮಿಯಲ್ಲಿ ಓದಿ, ವಿಯೆಟ್ನಾಂನಲ್ಲಿ ಸೇವೆ ಸಲ್ಲಿಸಿ ಬಂದವರು. ಅಂದಿನಿಂದ ಆಟದಲ್ಲಿ ಇದರ ಅರ್ಥ ಒಂದೇ: ಸಮಯ ಮುಗಿದಾಗ, ಬೇರೆ ದಾರಿಯೇ ಇಲ್ಲದಾಗ, ಸಿಗುವ ಸಾಧ್ಯತೆ ತೀರಾ ಕಡಿಮೆಯೆಂದು ಗೊತ್ತಿದ್ದೂ ಎಸೆಯುವ ಉದ್ದನೆಯ ಎಸೆತ.

1991ರ ಫೆಬ್ರುವರಿ 27ರಂದು ರಿಯಾದ್‌ನಲ್ಲಿ ಕೊಲ್ಲಿ ಯುದ್ಧದ ವಿವರ ಕೊಡುತ್ತ ಜನರಲ್ ನಾರ್ಮನ್ ಶ್ವಾರ್ಟ್ಸ್‌ಕೋಫ್ ತಮ್ಮ ಯೋಜನೆಯನ್ನು ಹೇಲ್ ಮೇರಿಗೆ ಹೋಲಿಸಿದರು. ಅವರ ಮನಸ್ಸಿನಲ್ಲಿದ್ದ ಗುಣ ಬೇರೆಯದೇ. ಆ ಎಸೆತಕ್ಕೆ ಮುಂಚೆ ಚೆಂಡು ಹಿಡಿಯುವವರೆಲ್ಲ ಒಂದೇ ಪಕ್ಕಕ್ಕೆ ಸರಿದು ಅಲ್ಲಿಂದ ಒಟ್ಟಾಗಿ ಓಡುವ ವ್ಯೂಹ ಇರುತ್ತದೆ, ಅದನ್ನು ಅವರು ಸುದ್ದಿಗೋಷ್ಠಿಯಲ್ಲೇ ಬಿಡಿಸಿ ಹೇಳಿದರು. ಅವರ ಸೇನೆಯೂ ಎರಡು ಕೋರ್‌ಗಳನ್ನು (ದೊಡ್ಡ ಸೇನಾ ವಿಭಾಗಗಳನ್ನು) ಗುಟ್ಟಾಗಿ ಪಶ್ಚಿಮಕ್ಕೆ ಸರಿಸಿ, ಇರಾಕಿ ಪಡೆಯನ್ನು ಬಳಸಿಕೊಂಡು ಹೋಗಿ ಪಾರ್ಶ್ವದಿಂದ ಹೊಡೆದಿತ್ತು. ಅದರಲ್ಲಿ ಹತಾಶೆ ಇರಲಿಲ್ಲ. ಮುಂಚಿತವಾಗಿ ಕೂಡಿಸಿ ಕಳೆದು ರೂಪಿಸಿದ ಚಲನೆ ಅದು, ನೆಲದ ಮೇಲಿನ ಯುದ್ಧ 100 ಗಂಟೆಯಲ್ಲಿ ಮುಗಿಯಿತು. ಆದ್ದರಿಂದ ಕ್ರೀಡಾ ವರದಿಯಲ್ಲಿ ಹೇಲ್ ಮೇರಿ ಬಂದರೆ 'ದೇವರ ಮೇಲೆ ಭಾರ ಹಾಕಿ ಎಸೆದ ಕೊನೆಯ ಎಸೆತ' ಎನ್ನಿ. ಕನ್ನಡದ ನುಡಿಗಟ್ಟಿನಲ್ಲಿ ಪ್ರಾರ್ಥನೆಯೂ ಉಳಿಯಿತು, ನಿರುಪಾಯವೂ ಉಳಿಯಿತು. ಶ್ವಾರ್ಟ್ಸ್‌ಕೋಫ್ ಮಾತು ಬಂದರೆ ಇದನ್ನು ಬಳಸುವಂತಿಲ್ಲ. ಅಲ್ಲಿ 'ಒಂದೇ ಪಾರ್ಶ್ವಕ್ಕೆ ಸರಿದು ನುಗ್ಗುವ ತಂತ್ರ' ಎಂದು ಬರೆದು, ಹೇಲ್ ಮೇರಿ ಅವರ ಹೋಲಿಕೆ ಎಂದು ತಿಳಿಸಿದರೆ ಸಾಕು.

ಡೈಸಿ ಕಟರ್‌ನ ಹಾದಿ ಇನ್ನೂ ಹಳೆಯದು. ಮೊದಲು ಇದು ಗೊರಸು ಎತ್ತದೆ ನೆಲ ಸವರಿ ಓಡುವ ಕುದುರೆಗೆ ಇಟ್ಟ ಹೆಸರು. 19ನೇ ಶತಮಾನದಲ್ಲಿ ಕ್ರಿಕೆಟ್‌ನಲ್ಲಿ ಪುಟಿಯದೆ ನೆಲದ ಮೇಲೆ ಹರಿದು ಬರುವ ಎಸೆತಕ್ಕೂ, ಬೇಸ್‌ಬಾಲ್‌ನಲ್ಲಿ ಹುಲ್ಲು ಸವರುವ ಹೊಡೆತಕ್ಕೂ ಬಂತು. ಮೊದಲ ಮಹಾಯುದ್ಧದಲ್ಲಿ ನೆಲದೊಳಗೆ ಹೂತುಹೋಗದೆ ಮೇಲ್ಮೈಯಲ್ಲೇ ಸಿಡಿಯುವ ಬಾಂಬುಗಳಿಗೆ, ಆಮೇಲೆ ವಿಯೆಟ್ನಾಂನಲ್ಲಿ ಸುಮಾರು 6,800 ಕಿಲೋ ತೂಕದ ಬಿಎಲ್‌ಯು-82 ಬಾಂಬಿಗೆ. ಅದರ ಮೂತಿಗೆ ಸುಮಾರು ಒಂದು ಮೀಟರ್ ಉದ್ದದ ಕೊಳವೆ ಇರುತ್ತಿತ್ತು. ಅದು ಮೊದಲು ನೆಲ ಮುಟ್ಟುವುದರಿಂದ ಬಾಂಬ್ ನೆಲಕ್ಕಿಂತ ತುಸು ಮೇಲೆ ಸಿಡಿದು, ಗುಂಡಿ ತೋಡದೆ ಕಾಡನ್ನು ಸಪಾಟು ಮಾಡಿ ಹೆಲಿಕಾಪ್ಟರ್ ಇಳಿಯಲು ಜಾಗ ಮಾಡುತ್ತಿತ್ತು. ಈ ಎಲ್ಲದರಲ್ಲೂ ಗುಣ ಒಂದೇ, ನೆಲಮಟ್ಟ. ಕ್ರಿಕೆಟ್ ವರದಿಗೆ 'ನೆಲ ಸವರಿ ಬಂದ ಎಸೆತ' ಸಾಕು, ಬಾಂಬಿನ ಪ್ರಸ್ತಾಪ ಬೇಡವೇ ಬೇಡ.

ಸ್ನೈಪರ್ ಹೋಗಿ ಮರಳಿ ಬಂದ ಮಾತು, ಅದರಲ್ಲಿ ನಮ್ಮ ದೇಶದ ನೆಲವೂ ಸೇರಿದೆ. ಸ್ನೈಪ್ ಎಂಬುದು ಕೆಸರುನೆಲದಲ್ಲಿ ಮೇಯುವ ಹಕ್ಕಿ. ಅಂಕುಡೊಂಕಾಗಿ ಹಾರುವ ಅದನ್ನು ಹೊಡೆಯಲು ನುರಿತ ಕೈ ಬೇಕು. 1770ರ ದಶಕದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಪತ್ರಗಳಲ್ಲಿ ಈ ಬೇಟೆಯ ಮೋಜನ್ನು 'ಸ್ನೈಪಿಂಗ್' ಎಂದು ಬರೆದಿದೆ. ಅಲ್ಲಿಂದ ಅದು ಮರೆಯಲ್ಲಿ ಕೂತು ಗುರಿ ಹೊಡೆಯುವ ಸೈನಿಕನಿಗೆ ಬಂತು. ಅಲ್ಲಿಂದ ಐಸ್ ಹಾಕಿಗೆ ಹಾರಿ, ಗೋಲಿನ ಸಣ್ಣ ಸಂದಿಯನ್ನೂ ಬಿಡದ ಆಟಗಾರನಿಗೆ ಅಂಟಿತು. ಮರೆಯಲ್ಲಿ ಕೂರುವುದು ಹೋಯಿತು, ಗುರಿಯ ನಿಖರತೆ ಉಳಿಯಿತು. 'ಗುರಿಕಾರ' ಎಂಬ ಒಳ್ಳೆಯ ಕನ್ನಡ ಪದ ಇದೆ, ಬಳಸಿ.

ಒಂದೇ ರೂಪದ, ನಂಟಿಲ್ಲದ ಮಾತುಗಳಲ್ಲಿ ಗಾರ್ಡನಿಂಗ್ ನೋಡಿ. ಬ್ಯಾಟರ್ ಪಿಚ್ ಮೇಲಿನ ಉಬ್ಬುಗಳನ್ನು ಬ್ಯಾಟಿನಿಂದ ತಟ್ಟುವುದು ಕ್ರಿಕೆಟ್‌ನ ಗಾರ್ಡನಿಂಗ್. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆ ಶತ್ರುವಿನ ಕಡಲಲ್ಲಿ ಮೈನ್‌ಗಳನ್ನು ಬೀಳಿಸುವುದಕ್ಕೂ ಗಾರ್ಡನಿಂಗ್ ಎನ್ನುತ್ತಿತ್ತು, ಮೈನ್‌ಗಳು 'ತರಕಾರಿ'. ಏಸ್ ಎಂಬುದು ಇಸ್ಪೀಟಿನ ಎಕ್ಕದಿಂದ ಎರಡೂ ಕಡೆ ಹೋಯಿತು: ಟೆನಿಸ್‌ನಲ್ಲಿ ಎದುರಾಳಿ ಮುಟ್ಟಲಾಗದ ಸರ್ವ್, ವಾಯುಪಡೆಯಲ್ಲಿ ರೂಢಿಯಂತೆ ಐದು ಶತ್ರುವಿಮಾನ ಉರುಳಿಸಿದ ಪೈಲಟ್. 1918ರಲ್ಲಿ ಹತ್ತು ವಿಮಾನ ಉರುಳಿಸಿದ ಇಂದ್ರಲಾಲ್ ರಾಯ್ ಭಾರತದ ಏಸ್. ನೈಟ್‌ವಾಚ್‌ಮನ್ ಸೇನೆಯ ಪಹರೆಯಂತೆ ಕಂಡರೂ ಸಾಮಾನ್ಯ ರಾತ್ರಿ ಕಾವಲುಗಾರನೇ. ದಿನದಾಟ ಮುಗಿಯುವ ಹೊತ್ತಿನಲ್ಲಿ ಮುಖ್ಯ ಬ್ಯಾಟರ್ ಬದಲು ಹೋಗಿ ನಿಲ್ಲುವವನು. ನಮ್ಮ ಸೈಯದ್ ಕಿರ್ಮಾನಿ 1979ರಲ್ಲಿ ಮುಂಬೈಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಹೀಗೆ ಹೋಗಿ ಔಟಾಗದೆ 101 ಹೊಡೆದರು. 'ಕಾವಲು ಬ್ಯಾಟರ್' ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಇಂಥ ಹೊಸ ಮಾತು ಎದುರಾದಾಗ ಹೀಗೆ ಮಾಡಿ. ಮೊದಲು ಅದು ನಿಯಮಪುಸ್ತಕದ ಪದವೋ, ಅಡ್ಡಹೆಸರೋ, ಆಡುಮಾತೋ ನೋಡಿ. ಮೊದಲ ಎರಡಾದರೆ ಲಿಪಿ ಬದಲಿಸಿ ಬಿಡಿ, ಮೊದಲ ಬಳಕೆಯಲ್ಲಿ ನಾಲ್ಕೈದು ಪದದ ವಿವರಣೆ ಕೊಡಿ. ಆಡುಮಾತಾದರೆ ಆ ಪದವನ್ನೇ ತೆಗೆದುಹಾಕಿ, ಮೈದಾನದಲ್ಲಿ ಯಾರು ಎಲ್ಲಿಂದ ಎಲ್ಲಿಗೆ ಹೋದರು ಎಂದಷ್ಟೇ ಬರೆದು ನೋಡಿ. ಹೆಚ್ಚಿನ ಸಲ ಅದೇ ಒಳ್ಳೆಯ ಅನುವಾದ ಆಗಿರುತ್ತದೆ. ಅರ್ಥ ಹುಡುಕುವಾಗ ಸಾಮಾನ್ಯ ನಿಘಂಟಿಗಿಂತ ಆ ಆಟದ ನಿಯಮಾವಳಿಯನ್ನು ಮೊದಲು ತೆರೆಯಿರಿ. ಸ್ಕ್ವಾಡ್ ಮತ್ತು ಟೀಮ್ ಎರಡಕ್ಕೂ 'ತಂಡ' ಎಂದು ಬರೆಯುವುದು ನಮ್ಮಲ್ಲಿ ತೀರಾ ಸಾಮಾನ್ಯ ತಪ್ಪು. '15 ಮಂದಿಯ ತಂಡ', 'ಆಡುವ 11ರ ಬಳಗ' ಎಂದು ಬೇರೆ ಮಾಡದಿದ್ದರೆ, ಆಯ್ಕೆಯಾದವನು ಆಡಿದ ಎಂದು ಓದುಗರು ತಿಳಿದುಬಿಡುತ್ತಾರೆ.

ಕನ್ನಡದ ನಮ್ಮದೇ ಯುದ್ಧದ ಮಾತುಗಳಿಗೂ ಇದೇ ಅಳತೆ: ಒಂದು ಚಲನೆಯನ್ನೋ ಸ್ಥಾನವನ್ನೋ ತೋರಿಸಿದರೆ ಇಟ್ಟುಕೊಳ್ಳಿ, ಬರೀ ಸದ್ದಾದರೆ ಬಿಡಿ. 'ಮುತ್ತಿಗೆ' ಬಹಳ ಒಳ್ಳೆಯ ಮಾತು, ನಾವು ಅದನ್ನು ಸಾಕಷ್ಟು ಬಳಸುತ್ತಿಲ್ಲ. ಸ್ಪಿನ್ನರ್ ಎಸೆಯುವಾಗ ಸಿಲ್ಲಿ ಪಾಯಿಂಟ್, ಶಾರ್ಟ್ ಲೆಗ್, ಸ್ಲಿಪ್‌ಗಳಲ್ಲಿ ಬ್ಯಾಟರ್ ಸುತ್ತ ಫೀಲ್ಡರ್‌ಗಳು ಬಾಗಿ ನಿಂತರೆ ಅದು ಅಕ್ಷರಶಃ ಮುತ್ತಿಗೆ. 1971ರ ಓವಲ್ ಟೆಸ್ಟ್‌ನಲ್ಲಿ ಬಿ.ಎಸ್. ಚಂದ್ರಶೇಖರ್ 38 ರನ್‌ಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದಾಗ ಏಕನಾಥ್ ಸೋಲ್ಕರ್ ಶಾರ್ಟ್ ಲೆಗ್‌ನಲ್ಲಿದ್ದರು. ಅಂಥ ಆಟಕ್ಕೆ ಇದಕ್ಕಿಂತ ತಕ್ಕ ಪದವಿಲ್ಲ. 'ಬತ್ತಳಿಕೆ' ಬೌಲರನ ಬಗೆಬಗೆಯ ಎಸೆತಗಳಿಗೆ ಒಪ್ಪುತ್ತದೆ, ಬೆಂಚಿನಲ್ಲಿರುವ ಆಟಗಾರರಿಗಲ್ಲ. 'ಲಗ್ಗೆ' ಕೋಟೆಯ ಮೇಲೆ ಏರಿಹೋಗುವುದು. ಬಲವಾದ ತಂಡವನ್ನು ಕೆಡವಿ ಫೈನಲ್‌ಗೆ ಬಂದರೆ ಸರಿ. ಎದುರಾಳಿ ಗಾಯಗೊಂಡು ಹಿಂದೆ ಸರಿದು ವಾಕ್‌ಓವರ್ ಸಿಕ್ಕಿದ್ದರೆ ಅದು ಲಗ್ಗೆಯಲ್ಲ, ಪ್ರವೇಶ. ಕೊನೆಯ ಸಾಲಿನ ಬ್ಯಾಟರ್‌ಗಳಿಗೆ ನಾವು ಹೇಳುವ 'ಬಾಲಂಗೋಚಿ'ಗೆ ಯುದ್ಧದ ನಂಟೇ ಇಲ್ಲ, ಗಾಳಿಪಟದಿಂದ ಬಂದದ್ದು. ದಯವಿಟ್ಟು ಅದನ್ನು ಕಳೆಯಬೇಡಿ.

'ದಾಳಿ' ವಿಷಯದಲ್ಲಿ ಕಬಡ್ಡಿಯನ್ನೂ ಕ್ರಿಕೆಟ್ಟನ್ನೂ ಬೇರೆಯಾಗಿ ನೋಡಿ. ಕ್ರಿಕೆಟ್‌ನಲ್ಲಿ ಬೌಲಿಂಗ್ ಕಡೆಗೆ 'ದಾಳಿ' ಎಂದು ನೆಲೆಯಾಗಿದೆ. ಅದೇ ವಾಕ್ಯದಲ್ಲಿ ಬ್ಯಾಟರ್ ಕೂಡ 'ದಾಳಿ' ಮಾಡಿದರೆ ಯಾರು ಯಾರಿಗೆ ಹೊಡೆದರು ತಿಳಿಯದು. ಬ್ಯಾಟರ್ 'ದಂಡಿಸಲಿ'. ಕಬಡ್ಡಿಯ ರೈಡ್ ಸೇನೆಯ ಅರ್ಥಕ್ಕೆ ಕೂದಲೆಳೆಯಷ್ಟೂ ತಪ್ಪದ ಮಾತು. ಸೇನೆಯಲ್ಲಿ ರೈಡ್ ಎಂದರೆ ನೆಲ ಹಿಡಿದು ಕೂರುವುದಲ್ಲ. ಒಳನುಗ್ಗಿ, ಕೆಲಸ ಮುಗಿಸಿ, ಮೊದಲೇ ಗೊತ್ತುಮಾಡಿದಂತೆ ಮರಳುವುದು. ಕಬಡ್ಡಿಯ ರೈಡರ್‌ಗೆ ಅದಕ್ಕೆ 30 ಸೆಕೆಂಡ್, ಮುಟ್ಟಿದರೂ ತನ್ನ ಅಂಗಳಕ್ಕೆ ಮರಳದಿದ್ದರೆ ಅಂಕ ಎದುರಾಳಿಗೆ. ಹಾಗಾಗಿ ರೈಡ್ ಎಂದೇ ಬರೆಯಿರಿ.

'ಸಮರ', 'ಮಹಾಸಮರ', 'ಧೂಳೀಪಟ'ಗಳನ್ನು ಬಿಡಬೇಕೆಂದೇ ನನ್ನ ಸಲಹೆ. ಪ್ರತಿ ಪಂದ್ಯವೂ ಸಮರವಾದರೆ ಆ ಪದ ಏನನ್ನೂ ತಿಳಿಸುವುದಿಲ್ಲ. ಕೊನೆಯ ಓವರ್‌ನಲ್ಲಿ ಮೂರು ವಿಕೆಟ್‌ಗಳಿಂದ ಗೆದ್ದ ಪಂದ್ಯದಲ್ಲಿ ಧೂಳೀಪಟ ಆದವರು ಯಾರೂ ಇಲ್ಲ. ಇನ್ನೂ ಗಂಭೀರ ತೊಂದರೆ ಊರಿನ ಹೆಸರಿನ ತಂಡಗಳದ್ದು. 2025ರ ಮೇ 8ರಂದು ಧರ್ಮಶಾಲಾದಲ್ಲಿ ಪಂಜಾಬ್–ಡೆಲ್ಲಿ ಪಂದ್ಯ ಅರ್ಧಕ್ಕೆ ನಿಂತು, ಭಾರತ–ಪಾಕಿಸ್ತಾನ ಸಂಘರ್ಷದಿಂದ ಐಪಿಎಲ್ ಮೇ 17ರವರೆಗೆ ಸ್ಥಗಿತವಾಗಿತ್ತು. ಅಂಥ ದಿನಗಳಲ್ಲಿ 'ಪಂಜಾಬ್ ಮೇಲೆ ದಾಳಿ', 'ಡೆಲ್ಲಿ ಧೂಳೀಪಟ' ಎಂಬ ತಲೆಬರಹ ಮೊಬೈಲ್ ಪರದೆಯಲ್ಲಿ ಒಂಟಿಯಾಗಿ ಕಂಡರೆ ಗಡಿಯೂರಿನಲ್ಲಿ ಮಕ್ಕಳಿರುವ ಮನೆಯವರ ಎದೆ ಧಸಕ್ಕೆನ್ನುತ್ತದೆ. ಊರಿನ ಹೆಸರು ಮತ್ತು ಯುದ್ಧದ ಕ್ರಿಯಾಪದ ಒಂದೇ ತಲೆಬರಹದಲ್ಲಿ ಬಂದರೆ ತಂಡದ ಪೂರ್ಣ ಹೆಸರು ಸೇರಿಸಿ, ಇಲ್ಲವೇ ಕ್ರಿಯಾಪದ ಬದಲಿಸಿ: 'ಪಂಜಾಬ್ ಕಿಂಗ್ಸ್‌ಗೆ ಸೋಲು', 'ಕ್ಯಾಪಿಟಲ್ಸ್ 6 ವಿಕೆಟ್ ಜಯ'. ಸಂಘರ್ಷದ ಸುದ್ದಿ ಮುಖಪುಟದಲ್ಲಿರುವಷ್ಟು ದಿನ 'ಬಲಿ', 'ಹತ'ಗಳನ್ನು ವಿಕೆಟ್‌ಗೂ ಬಳಸಬೇಡಿ. 'ಕಿತ್ತರು', 'ಉರುಳಿಸಿದರು', 'ಕಬಳಿಸಿದರು' ಇವೆ. ಪುಟ ಅಚ್ಚಿಗೆ ಹೋಗುವ ಮುನ್ನ ಕ್ರೀಡಾ ಪುಟದ ತಲೆಬರಹಗಳನ್ನು ಮುಖಪುಟದ ಪಕ್ಕದಲ್ಲಿಟ್ಟು ಒಮ್ಮೆ ಓದಿ.